ಅತ್ತಿಗೆ ಮತ್ತು ಮೂರು ಚೆಂಡು

ಕೋಟದ ನಮ್ಮ ಮನೆಯಲ್ಲಿ ಬೆಂಕಿ ಹತ್ತುವುದು ಕಡ್ಡಿಪೆಟ್ಟಿಗೆಯಿಂದಲ್ಲ, ನನ್ನ ಅತ್ತಿಗೆಯ ಶ್ವಾಸಕೋಶದಿಂದ! ಮಕ್ಕಳೇ, ನಿಮ್ಮ ಅಜ್ಜನ ಅಕ್ಕ ಅವರು. ಬಚ್ಚಲೊಲೆಗೆ ತೆಂಗಿನ ಹಸಿ ಮಡಲು ತುರುಕಿ, ಕಬ್ಬಿಣದ ಊದುಗೊಳವೆ ಬಾಯಿಗಿಟ್ಟು ಒಮ್ಮೆ ಊದಿದರೆ ಬೆಂಕಿ ಹೆದರಿಯೇ ಹತ್ತಿಕೊಳ್ಳುತ್ತದೆ. ಗೀಸರ್ ತಂದು ತೋರಿಸಿದರೆ, "ಇದ್ಕ್ ಊದುಕ್ ಜಾಗ ಎಲ್ಲಿತ್?" ಎಂದು ಕೇಳಿದವರು!

ಕೊಳವೆ ಯಾವುದಾದರೇನು, ಬಾಯಿಗೆ ಸಿಕ್ಕರೆ ಊದುವುದೇ. ಒಮ್ಮೆ ಕುಂದಾಪುರದ ಬಸ್ ನಿಲ್ದಾಣದ ಹತ್ತಿರ ಬೊಂಡ ಕುಡಿಯಲು ನಿಂತೆವು. ಅಂಗಡಿಯವನು ಸ್ಟ್ರಾ ಹಾಕಿ ಕೊಟ್ಟ. ಅತ್ತಿಗೆ ಊದಿದರು. ಎಳನೀರೆಲ್ಲ ಅವನ ಮುಖಕ್ಕೆ.

"ಅಮ್ಮ, ನಾ ಬೆಳಿಗ್ಗೆ ಮಿಂದೇ ಬಂದದ್ದ್" ಎಂದ ಪುಣ್ಯಾತ್ಮ.

ಇಂಥವರಿಗೆ ಕಳೆದ ವರ್ಷ ಪಿತ್ತಕೋಶದ ಆಪರೇಷನ್ ಆಯಿತು. ಹೊಲಿಗೆಯ ನೋವಿಗೆ ಹೆದರಿ ಗುಬ್ಬಿಯಂತೆ ಸಣ್ಣ ಸಣ್ಣ ಉಸಿರಾಡುತ್ತಿದ್ದರು. ಎದೆಯ ತಳದಲ್ಲಿ ಕಫ ಕಟ್ಟಿ ಜ್ವರ ಏರಿತು. ಹೀಗೇ ಬಿಟ್ಟರೆ ನ್ಯುಮೋನಿಯಾ ಆದೀತು, ಈ ವಯಸ್ಸಿಗೆ ತಡೆದುಕೊಳ್ಳುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಮಾಡಿಸುವ ಹುಡುಗಿ ಒಂದು ಪ್ಲಾಸ್ಟಿಕ್ ಡಬ್ಬಿ ತಂದಳು. ಒಳಗೆ ಮೂರು ಚೆಂಡು, ಪಕ್ಕದಲ್ಲಿ ಕೊಳವೆ. ಕೊಳವೆ ಕಂಡರೆ ಅತ್ತಿಗೆ ಬಿಡುತ್ತಾರೆಯೇ? ಊದಿದರು. ಚೆಂಡು ಅಲುಗಲಿಲ್ಲ.

"ಹಾಳಾದ್ದ್ ಕೊಟ್ಟಿದ್ರ್ ಹೆಣೆ, ಬದ್ಲ್ಸ್ಕಂಡ್ ಬಾ" ಎಂದು ನನಗೆ ಅಪ್ಪಣೆಯಾಯಿತು.

"ಊದೂದಲ್ಲ ಅಜ್ಜಿ, ಉಸಿರು ಒಳಗೆ ಎಳೀಬೇಕು" ಎಂದು ಹುಡುಗಿ ವಿವರಿಸಿದಳು. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗಲು ಬರುವುದಿಲ್ಲವಂತೆ. ಅದರ ಕೆಳಗೆ ವಪೆ ಎಂಬ ಸ್ನಾಯುವಿದೆ. ಅದು ಕೆಳಗಿಳಿದು ಪಕ್ಕೆಲುಬುಗಳು ಅಗಲವಾದಾಗ ಎದೆಯೊಳಗೆ ಜಾಗವಾಗುತ್ತದೆ; ಗಾಳಿ ತಾನೇ ನುಗ್ಗುತ್ತದೆ. ಆಗ ಮುಚ್ಚಿಕೊಂಡ ಪುಟ್ಟ ಗಾಳಿಚೀಲಗಳೂ ತೆರೆದುಕೊಳ್ಳುತ್ತವೆ.

"ಇಷ್ಟ್ ವರ್ಷ ನನ್ ಒಳ್ಗೇ ಕೂತ್ಕಂಡಿತ್ತಾ ಆ ವಪೆ? ಒಂದ್ ಮಾತ್ ಹೇಳ್ಲಿಲ್ಲೆ ಕಾಣ್" ಎಂದರು ಅತ್ತಿಗೆ. ಎಂದವರು ಮತ್ತೆ ಊದಿದರು!

ನಾನು ಹೊರಗಿನವರೆದುರು ಬಾಯಿ ತೆರೆಯುವವಳಲ್ಲ. ಅಂದು ಹೇಗೋ ಮಾತು ಬಂತು. "ಅತ್ತಿಗೆ, ಒಲೆ ಊದುಕ್ ಮುಂಚೆ ಗಾಳಿ ತುಂಬ್ಸ್ಕಂತ್ರಿ ಅಲ್ದಾ? ಅಷ್ಟೇ ಮಾಡಿ. ಊದುದ್ ಬ್ಯಾಡ."

"ಅರ್ಧ ಕೆಲ್ಸಕ್ಕ್ ಇಷ್ಟ್ ಗೌಜಿಯಾ?" ಎಂದು ಅತ್ತಿಗೆ ಉಸಿರು ಎಳೆದರು. ಒಂದು ಚೆಂಡು ಎದ್ದಿತು!

ಮರುದಿನ ಎರಡನೆಯದೂ ಎದ್ದಿತು. ಮೂರನೆಯದು ಮಾತ್ರ ಹಟ ಹಿಡಿದು ಕೂತಿತು. ಹಟದಲ್ಲಿ ನಮ್ಮ ಅತ್ತಿಗೆಯನ್ನು ಗೆಲ್ಲುವ ಚೆಂಡು ಹುಟ್ಟಿದೆಯೇ? ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು, ನೋವಿಗೆ ಕಣ್ಣು ಮುಚ್ಚಿ, ಗಂಟೆಗಂಟೆಗೂ ಎಳೆದರು. ಕಡೆಗೊಂದು ಸಂಜೆ ಮೂರೂ ಚೆಂಡುಗಳು ಟಕ್ಕನೆ ಮೇಲೇರಿ ನಿಂತವು! ಇಡೀ ವಾರ್ಡು ಚಪ್ಪಾಳೆ ತಟ್ಟಿತು. ಎದುರು ಹಾಸಿಗೆಯ ಉಪ್ಪುಂದದ ಹೆಂಗಸಂತೂ ಸಲೈನ್ ಬಾಟಲಿ ಹಿಡಿದುಕೊಂಡೇ ನೋಡಲು ಬಂದಳು. ಜ್ವರ ಇಳಿದಿತ್ತು. ಮನೆಗೆ ಹೋಗಬಹುದು ಎಂದರು ಡಾಕ್ಟರು.

"ಇಷ್ಟು ಹಟ ಎಲ್ಲಿಂದ ಬಂತು ಅಜ್ಜಿ?" ಎಂದು ಹುಡುಗಿ ಕೇಳಿದಳು.

ಅತ್ತಿಗೆ ಗದ್ದ ಎತ್ತಿ ನನ್ನ ಕಡೆ ತೋರಿಸಿದರು.

"ಅವ್ಳಿಗೆ ಬಸ್ಸಂಗ್ ಟಿಕೇಟ್ ಕೇಂಬುಕೂ ನಾಚ್ಕಿ. ನಾ ಇಲ್ಲೇ ಮನಿಕಂಡ್ರೆ ಅವ್ಳ್ ಮನೆಗ್ ಹೋಪ್ದ್ ಹ್ಯಾಂಗೆ?"