ಜಾಂಬಿಯಾ ಹೂವು, ಟೂಂಗಾಬಿ ಪೂಜೆ

ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದ ಭಾಸ್ಕರ ಪೇಸ್ಟ್ ನುಂಗಿಬಿಟ್ಟ. ಕುಂಡದಲ್ಲಿ ಹೂವಿರಲಿಲ್ಲ. ಮೋಟು ದಂಟೊಂದು ಅವನನ್ನೇ ಅಣಕಿಸುತ್ತಾ ನಿಂತಿತ್ತು.

ಅದು ಯೂಲೋಫಿಯಾ, ಆಫ್ರಿಕದ ಕಾಡಿನಲ್ಲಿ ನೆಲದಿಂದಲೇ ಏಳುವ ಆರ್ಕಿಡ್. ಜಾಂಬಿಯಾದ ಗಣಿ ಕೆಲಸ ಬಿಟ್ಟು ಸಿಡ್ನಿಗೆ ಬಂದಾಗ ತಂದ ಗಡ್ಡೆ, ಕ್ವಾರಂಟೈನ್‌ನಲ್ಲಿ ಅವನಿಗಿಂತ ಹೆಚ್ಚು ಪ್ರಶ್ನೆ ಎದುರಿಸಿ ಒಳಗೆ ಬಂದಿತ್ತು. ಏಳು ವರ್ಷ ಮುನಿಸಿಕೊಂಡಿದ್ದು ಈ ವಸಂತದಲ್ಲಿ ಮೊದಲ ಸಲ ಅಪ್ಪಟ ಹಳದಿ ಹೂ ಬಿಟ್ಟಿತ್ತು. ಮಧ್ಯಾಹ್ನ ಬ್ಲ್ಯಾಕ್‌ಟೌನಿನಲ್ಲಿ ಆರ್ಕಿಡ್ ಸ್ಪರ್ಧೆ.

“ಯಾರೇ ಕಿತ್ತಿದ್ದು?”

“ಕೂಗಾಡ್ಬೇಡಿ. ಪಕ್ಕದ ಅನಸೂಯಾ ಆಂಟಿ ಮನೇಲಿ ಸತ್ಯನಾರಾಯಣ ಪೂಜೆ,” ಎಂದಳು ಹೆಂಡತಿ ಶ್ರೀಲಕ್ಷ್ಮಿ. “ಮೈಸೂರಲ್ಲಿ ಬೇಲಿ ಹೂವಿಗೆ ಯಾರು ಪರ್ಮಿಷನ್ ಕೇಳ್ತಾರೆ?”

“ಇದು ಸಿಡ್ನಿಯ ಟೂಂಗಾಬಿ ಕಣೇ.”

ಕುಕ್ಕರಿನಂತೆ ಬುಸುಗುಡುತ್ತಾ ಪಕ್ಕದ ಮನೆಗೆ ನುಗ್ಗಿದರೆ, ಹೂವು ದೇವರ ಫೋಟೋದ ನೆತ್ತಿಯ ಮೇಲೆ.

“ಬಾಪ್ಪ ಭಾಸ್ಕರ,” ಎಂದರು ಅನಸೂಯಾ. “ಒಂದು ಎಲೆನೂ ಇಲ್ಲದ ಗಿಡ, ಹೇಗಿದ್ರೂ ಸಾಯತ್ತೆ. ದೇವರಿಗಾದ್ರೂ ಆಗ್ಲಿ ಅಂತ ಕತ್ತರಿಸ್ಕೊಂಡೆ.”

“ಆಂಟಿ, ನೀವು ಕತ್ತರಿಸಿದ್ದು ನನ್ನ ಏಳು ವರ್ಷ.”

ವಾರವೆಲ್ಲ ಕಂಪ್ಯೂಟರ್, ಶನಿವಾರ ಪೌರೋಹಿತ್ಯ ಮಾಡುವ ಚಂದ್ರಶೇಖರ್, ಮಂತ್ರದ ರಾಗದಲ್ಲೇ ಸೇರಿಸಿದ: “ಮಂಗಳಾರತಿ ಆಗೋವರ್ಗೂ ತೆಗಿಯೋ ಹಾಗಿಲ್ಲ, ಕೂತ್ಕೊಳಿ, ಕೈ ಮುಗೀರಿ, ಹಲ್ಲು ಕಡೀಬೇಡಿ...”

ಭಾಸ್ಕರ ಕೂತ. ಐದು ಅಧ್ಯಾಯ ಕೇಳಿದ. ನೆರೆದವರೆಲ್ಲ ಅರಿಶಿನ, ಕುಂಕುಮ, ಅಕ್ಷತೆ ಎರಚುವುದನ್ನು ಕೆಂಗಣ್ಣಿನಿಂದ ನೋಡಿದ. ಆರತಿ ಇಳಿದದ್ದೇ ತಡ, ಹೂವು ಕಸಿದು, ಅಕ್ಷತೆ ಕೊಡವಿ, ಕಾರು ಹತ್ತಿದ. ದಂಟಿಲ್ಲದಿದ್ದರೇನು, ಬಿಡಿಹೂವಿನ ವಿಭಾಗ ಇತ್ತಲ್ಲ.

“ಗ್ಡೈ, ಮೈಟ್,” ಎಂದು ಆಸ್ಟ್ರೇಲಿಯನ್ನರ ಧಾಟಿಯಲ್ಲಿ ‘ಗುಡ್ ಡೇ’ ಹೇಳಿದ ತೀರ್ಪುಗಾರ. ಗಿಡ ಬಿಟ್ಟು ಬಂದವನಿಗೆ ಅದೂ ‘ಗಿಡ ಎಲ್ಲಿ’ ಎಂಬ ಚುಚ್ಚುಮಾತಾಗಿಯೇ ಕೇಳಿಸಿತು.

ಆದರೆ ತೀರ್ಪುಗಾರ ಬಗ್ಗಿದ, ಕನ್ನಡಕ ಏರಿಸಿದ, ಇನ್ನಿಬ್ಬರನ್ನು ಕರೆದ. ಈ ಜಾತಿಯಲ್ಲಿ ಇಂಥ ಕೆಂಪು ಚುಕ್ಕೆಗಳನ್ನು ಅವರು ಯಾರೂ ಕಂಡಿರಲಿಲ್ಲವಂತೆ. ಬೆಳಗಿನಿಂದ ಮೊದಲ ಬಾರಿಗೆ ಭಾಸ್ಕರನ ಎದೆ ಉಬ್ಬಿತು. ತೀರ್ಪುಗಾರ ಎಸಳನ್ನು ಮೆಲ್ಲಗೆ ಸವರಿದ.

ಬೆರಳು ಕೆಂಪಾಯಿತು.

“ಪೈಂಟ್, ಮೈಟ್?”

“ನೋ, ನೋ. ಕುಂಕುಮ.”

ಕುಂಕುಮ ಅಂದರೆ ಯಾವ ಕಂಪನಿಯ ಪೈಂಟ್ ಎಂದೂ ಯಾರೂ ಕೇಳಲಿಲ್ಲ. ಹೂವು ಸ್ಪರ್ಧೆಯಿಂದ ಹೊರಗೆ ಬಂತು, ಹಿಂದೆಯೇ ಭಾಸ್ಕರ.

ಸಂಜೆ ಅನಸೂಯಾ ಬೇಲಿಯ ಮೇಲಿಂದ ಸಜ್ಜಿಗೆ ಪ್ರಸಾದ ಚಾಚಿದರು. “ಪ್ರೈಜ್ ಬಂತೇನಪ್ಪ?”

ಅವನು ಹಲ್ಲು ಕಡಿಯುತ್ತಲೇ ಎಲ್ಲ ಹೇಳಿದ. ಆಕೆ ಕೆನ್ನೆಗೆ ಕೈಯಿಟ್ಟು ಯೋಚಿಸಿದರು.

“ಮೊದ್ಲೇ ಹೇಳ್ಬಾರ್ದಾಗಿತ್ತಾ? ಮುಂದಿನ ವರ್ಷ ಬರೀ ಅರಿಶಿನ ಹಾಕ್ತೀನಿ ಬಿಡು. ಹಳದಿ ಮೇಲೆ ಹಳದಿ, ಅವರಪ್ಪಂಗೂ ಗೊತ್ತಾಗಲ್ಲ.”