ಕೋವಿಗೆ ತಪ್ಪಿದ ಕುಂಕುಮ

ಜಯನಗರದಲ್ಲಿ ನನ್ನದು ಕೋವಿ ರಿಪೇರಿ ಅಂಗಡಿ. ಇಲ್ಲಿಗೆ ಬರುವವರೆಲ್ಲ ಗಂಭೀರವಾಗಿಯೇ ಬರುತ್ತಾರೆ, ನಾನೂ ಗಂಭೀರವಾಗಿಯೇ ಮಾತಾಡುತ್ತೇನೆ. ಆದರೂ ಆಯುಧಪೂಜೆ ಹತ್ತಿರ ಬಂತೆಂದರೆ ನಗು ಬರಿಸುವಂಥದ್ದೊಂದು ನಡೆಯದ ವರ್ಷವಿಲ್ಲ. ಈ ಸಲದ್ದು ಬಿಳೇಕಹಳ್ಳಿಯ ಯಜಮಾನರದು.

೧. ವಾಷಿಂಗ್ ಮೆಷಿನ್

ಯಜಮಾನರಿಗೆ ಅರವತ್ತೈದು ದಾಟಿದೆ. ಅವರ ರಾಗಿ ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ. ಹೊಲದ ಕಾಲದ್ದು ಅಂತ ಉಳಿದಿರುವುದು ಅಪ್ಪನ ಜೋಡಿ ನಳಿಗೆ ಕೋವಿ ಮತ್ತು ತೊಂಬತ್ತರ ಹತ್ತಿರದ ಅಮ್ಮ. ಮೊದಲು ಲೈಸೆನ್ಸ್ ಮುಂದಿಟ್ಟರು, ಆಮೇಲೆ ಬೆಡ್‌ಶೀಟ್ ಬಿಚ್ಚಿ ಕೋವಿ ತೋರಿಸಿದರು.

"ಪ್ರತಿ ವರ್ಷ ಪೂಜೆಗೆ ಮುಂಚೆ ಅಮ್ಮ ನಳಿಗೆ ಬಿಚ್ಚಿಸಿ, ಬೆಳಕಿಗೆ ಹಿಡಿದು ಒಳಗೆ ನೋಡ್ತಾರೆ ಸಾರ್. ಆಮೇಲೇ ಕುಂಕುಮ. ಹೋದ ವರ್ಷ ನೋಡಿ, ನಿಮ್ಮಪ್ಪನ ಕೋವೀನ ಹಾಳು ಮಾಡಿದೀಯ ಅಂದ್ರು. ಕೈಲಿದ್ದ ಕುಂಕುಮಾನ ವಾಷಿಂಗ್ ಮೆಷಿನ್ನಿಗೆ ಇಟ್ರು. ಇದಾದ್ರೂ ನೆಟ್ಟಗೆ ಕೆಲಸ ಮಾಡುತ್ತೆ ಅಂದ್ರು."

ಈ ಸಲ ಅಮ್ಮನ ಕೈಯಿಂದ ಕೋವಿಗೆ ಕುಂಕುಮ ಬೀಳಬೇಕು, ಅವರಿಗೆ ಬೇಕಾಗಿದ್ದು ಅಷ್ಟೇ.

ನಳಿಗೆಯೊಳಗೆ ಇಣುಕಿದೆ. ಉದ್ದಕ್ಕೂ ಬೂದು ಗೆರೆಗಳು. ತುಕ್ಕಲ್ಲ, ಬಿರುಕೂ ಅಲ್ಲ. ತೋಟಾದ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು, ಉಜ್ಜಿಕೊಂಡು ಹೋಗುವಾಗ ಗೋಡೆಗೆ ಅಂಟಿದ ಸೀಸ.

"ಇದು ನಿಮ್ಮ ತಂದೆ ಕಾಲದ್ದೇ. ನೀವೇನೂ ಹಾಳು ಮಾಡಿಲ್ಲ," ಎಂದೆ.

"ಮತ್ತೆ ಇಷ್ಟು ವರ್ಷ ಅಮ್ಮ ಯಾಕೆ ಏನೂ ಅನ್ಲಿಲ್ಲ?"

"ಹೋದ ವರ್ಷ ಹೊಸದಾಗಿ ಏನಾದ್ರೂ ಆಯ್ತಾ?"

ಸ್ವಲ್ಪ ಯೋಚಿಸಿದರು. "ಹಬ್ಬಕ್ಕೆ ಮುಂಚೆ ಬಲಗಣ್ಣಿನ ಪೊರೆ ತೆಗೆಸಿದ್ವಿ. ಎಡಗಣ್ಣು ಬೇಡ ಅಂದ್ರು. ನಿಮ್ಮನ್ನೆಲ್ಲ ನೋಡೋಕೆ ಒಂದು ಸಾಕು ಅಂತ."

೨. ಸಲಹೆಗಾರರು

ನಳಿಗೆಗೆ ಎಣ್ಣೆ ಬಿಟ್ಟು ಒಂದು ದಿನ ನೆನೆಯಲು ಇಟ್ಟೆ. ಎಣ್ಣೆ ಸೀಸದ ಅಡಿಗೆ ಇಳಿದು ಅದರ ಹಿಡಿತ ಸಡಿಲವಾಗಬೇಕು. ಯಜಮಾನರು ಅಂಗಡಿ ಮುಚ್ಚುವವರೆಗೂ ಮನೆಗೆ ಹೋಗಲಿಲ್ಲ, ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು.

ಪಕ್ಕದಂಗಡಿಯವರು ಬಂದು ಹುಣಸೆಹಣ್ಣು ಹಾಕಿ ಎಂದರು. ಮಹಡಿ ಮೇಲಿನ ರಿಟೈರ್ಡ್ ಇಂಜಿನಿಯರು ಡ್ರಿಲ್ಲಿಂಗ್ ಮೆಷಿನ್ನಿಗೆ ಸ್ಟೀಲ್ ತಂತಿಯ ಬ್ರಷ್ ಸಿಕ್ಕಿಸಿಕೊಂಡೇ ಇಳಿದು ಬಂದರು. "ಎರಡು ನಿಮಿಷದ ಕೆಲಸ ರೀ ಇದು."

"ನಳಿಗೆ ಹಾಳಾಗೋಕೂ ಎರಡೇ ನಿಮಿಷ ಸಾಕು ಸಾರ್," ಎಂದೆ.

ತಮಾಷೆಗೆ ಹೇಳಿದ್ದಲ್ಲ. ಸಣ್ಣ ವಯಸ್ಸಿನಲ್ಲಿ ಆತುರಪಟ್ಟು ನಾನೇ ಒಬ್ಬರ ನಳಿಗೆಗೆ ಸ್ಟೀಲ್ ತಂತಿ ಹಾಕಿದ್ದೆ. ಒಳಗೆಲ್ಲ ಗೀರು ಬಿತ್ತು, ಆಮೇಲೆ ಆ ಗೀರುಗಳಲ್ಲಿ ಸೀಸ ಇನ್ನೂ ಜಾಸ್ತಿ ಕೂತಿತು. ಕೋವಿಯವರು ಒಂದು ಮಾತೂ ಬಯ್ಯದೆ ತೆಗೆದುಕೊಂಡು ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಇಂಜಿನಿಯರು ಬ್ರಷ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ಹೋಗ್ಲಿ, ಗೋಡೆಗೆ ತೂತು ಹಾಕೋದಾದ್ರೂ ಇದೆಯಾ?"

೩. ಫ್ರಿಜ್ಜಿನ ಗಣೇಶ

ಸೀಸ ತೆಗೆಯಲು ತಾಮ್ರವೇ ಆಗಬೇಕು. ತಾಮ್ರ ಉಕ್ಕಿಗಿಂತ ಮೆದು, ಸೀಸವನ್ನು ಕೆರೆಯುತ್ತದೆ, ನಳಿಗೆಗೆ ನೋವು ಮಾಡುವುದಿಲ್ಲ. ಮಾರನೆಯ ದಿನ ಪಾತ್ರೆ ಉಜ್ಜುವ ತಾಮ್ರದ ತಂತಿಯ ಸ್ಕ್ರಬ್ಬರ್ ತರಲು ಯಜಮಾನರನ್ನೇ ಕಳಿಸಿದೆ. "ಮೇಲೆ ತಾಮ್ರದ ಬಣ್ಣ ಬಳಿದು ಒಳಗೆ ಕಬ್ಬಿಣ ಇರೋದೂ ಬರುತ್ತೆ. ಮ್ಯಾಗ್ನೆಟ್ ಹಿಡಿದು ನೋಡಿ," ಎಂದೆ.

ಅವರು ಮೊದಲು ಬಿಳೇಕಹಳ್ಳಿಗೆ ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ಗಣೇಶನನ್ನು ಕಿತ್ತುಕೊಂಡು ಬಂದರು. ಫೋರ್ತ್ ಬ್ಲಾಕಿನ ಪಾತ್ರೆ ಅಂಗಡಿಯಲ್ಲಿ ನಿಂತು, ಒಂದೊಂದೇ ಸ್ಕ್ರಬ್ಬರಿಗೆ ಗಣೇಶನನ್ನು ಮುಟ್ಟಿಸಿ ನೋಡಿದರಂತೆ. ಹಬ್ಬದ ವ್ಯಾಪಾರಕ್ಕೆ ಬಂದಿದ್ದ ಹೆಂಗಸರು ಸುಮ್ಮನಿರುತ್ತಾರೆಯೇ? "ಅಂಕಲ್, ನನ್ನದಕ್ಕೂ ಸ್ವಲ್ಪ ಮುಟ್ಟಿಸಿ" ಎಂದು ಸಾಲುಗಟ್ಟಿದರು. ಯಜಮಾನರು ಒಂದು ಗಂಟೆ ತಡವಾಗಿ ಬಂದರು.

"ಯಾಕೆ ಇಷ್ಟೊತ್ತು?"

"ಅರ್ಧದಲ್ಲಿ ಹೆಂಗೆ ಬರೋದು ಸಾರ್? ಕೊನೇಲಿ ಒಬ್ರು ದಕ್ಷಿಣೆ ಬೇರೆ ಕೊಟ್ರು."

೪. ಪರೀಕ್ಷೆ

ನಳಿಗೆ ಉಜ್ಜುವ ಹಳೆಯ ಬ್ರಷ್ಷಿಗೆ ಆ ತಾಮ್ರದ ತಂತಿ ಸುತ್ತಿ, ತೋಟಾ ತುಂಬುವ ಕಡೆಯಿಂದ ಹಾಕಿ, ನಿಧಾನವಾಗಿ ಎಳೆದೆ. ಬಿಳಿ ಬಟ್ಟೆಯ ಮೇಲೆ ಸೀಸದ ಚೂರುಗಳು ಉದುರಿದವು. ಸಂಜೆ ಹೊತ್ತಿಗೆ ಎರಡೂ ನಳಿಗೆ ಒಂದು ಗೀರಿಲ್ಲದೆ ಬೆಳ್ಳಗೆ ಹೊಳೆಯುತ್ತಿದ್ದವು. ಅಷ್ಟು ಚೆನ್ನಾದ ಕೆಲಸ ನನ್ನ ಕೈಯಿಂದ ಯಾವಾಗಲೂ ಆಗುವುದಿಲ್ಲ.

ಪೂಜೆಯ ದಿನ ಯಜಮಾನರು ನನ್ನನ್ನೂ ಕರೆದರು. ಅಮ್ಮ ಏನಾದರೂ ಕೇಳಿದರೆ ಉತ್ತರ ಹೇಳಲು ಒಬ್ಬರು ಬೇಕಿತ್ತು. ಸ್ಕೂಟರ್, ಮಿಕ್ಸಿ, ವಾಷಿಂಗ್ ಮೆಷಿನ್ ಎಲ್ಲ ಹೂ ಮುಡಿದು ಕಾಯುತ್ತಿದ್ದವು. ಅಮ್ಮ ಕುರ್ಚಿಯಲ್ಲಿ ಕೂತು ನಳಿಗೆಯನ್ನು ಕಿಟಕಿಯ ಕಡೆಗೆ ಎತ್ತಿಸಿದರು. ಒಂದರಲ್ಲಿ ನೋಡಿದರು, ಇನ್ನೊಂದರಲ್ಲಿ ನೋಡಿದರು. ಯಜಮಾನರು ಕೈಕಟ್ಟಿ ನಿಂತಿದ್ದರು.

"ಸರಿಯಾಗಿದೆ. ನಿಮ್ಮಪ್ಪ ಇಟ್ಕೊಂಡಿದ್ದ ಹಂಗೇ ಇದೆ," ಎಂದು ಕುಂಕುಮ ಇಟ್ಟರು.

ಯಜಮಾನರು ಒಳಗೆ ಹೋದರು. ಕಣ್ಣೊರೆಸಿಕೊಳ್ಳಲು ಇರಬೇಕು. ನಾನು ಅಮ್ಮನ ಪಕ್ಕದಲ್ಲೇ ನಿಂತು ಎಲ್ಲ ನೋಡಿದ್ದೆ. ಮೆಲ್ಲಗೆ ಕೇಳಿದೆ, "ಅಮ್ಮ, ಬಲಗಣ್ಣು ಮುಚ್ಕೊಂಡು ಪೊರೆ ಇರೋ ಎಡಗಣ್ಣಲ್ಲಿ ನೋಡಿದ್ರಲ್ಲ?"

"ಹೂಂ ಕಣಪ್ಪ. ವರ್ಷ ಎಲ್ಲ ಕೊರಗಿದಾನೆ ಮಗ. ಇವತ್ತೂ ಏನಾದ್ರೂ ಕಂಡುಬಿಟ್ರೆ ಏನ್ ಮಾಡ್ಲಿ?"

ನನಗೂ ಕಣ್ಣು ತುಂಬಿತು. ಆದರೆ ಎರಡು ದಿನದ ಕೆಲಸ ನನ್ನದು, ಹೊಟ್ಟೆ ಉರಿಯದೆ ಇರುತ್ತದೆಯೇ? "ಅಮ್ಮ, ನಿಜವಾಗ್ಲೂ ಕ್ಲೀನಾಗಿದೆ. ಒಂದೇ ಒಂದು ಸಲ ಬಲಗಣ್ಣಲ್ಲಿ ನೋಡಿ," ಎಂದು ಬೇಡಿಕೊಂಡೆ.

ಅಮ್ಮ ನನ್ನ ಕೈ ಸವರಿದರು. "ಬೇಡ ಬಿಡಪ್ಪ. ನೀನೂ ಕಷ್ಟಪಟ್ಟಿದೀಯ, ಹಬ್ಬದ ದಿನ ನಿನಗೂ ಬೇಜಾರಾಗೋದು ಬೇಡ."