ಅನುಮಾನಕ್ಕೆ ಎಷ್ಟು ವ್ಯಾಟು?

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಕಾರ್ ಸೌಂಡ್ ಅಂಗಡಿ ಇದೆ. ಗುಡುಗುಡು ಅನ್ನುವ ಸಬ್‌ವೂಫರ್‌ಗೂ ಅದಕ್ಕೆ ಬಲ ಕೊಡುವ ಆಂಪ್ಲಿಫೈಯರ್‌ಗೂ ಜೋಡಿ ಕೂಡಿಸುವುದು ನನ್ನ ಕೆಲಸ. ಗಂಡು ಹೆಣ್ಣಿಗೆ ಜೋಡಿ ಕೂಡಿಸುವವರನ್ನಾದರೂ ಜನ ಒಳಗೆ ಕರೆದು ಕಾಫಿ ಕೊಡುತ್ತಾರೆ. ನನ್ನನ್ನು ಮಾತ್ರ ಜೇಬುಗಳ್ಳನ ಹಾಗೆ ನೋಡುತ್ತಾರೆ. ಇದನ್ನು ಅನುಭವಿಸಿ ಅನುಭವಿಸಿ ಈಗ ಯಾರಾದರೂ ನಗುತ್ತಾ ಅಂಗಡಿಗೆ ಬಂದರೆ ನನಗೇ ಅನುಮಾನ ಬರುತ್ತದೆ.

ಎತ್ತಿನ ಲೆಕ್ಕ

ಇಲ್ಲೇ ಹತ್ತಿರದ ಮಧುರೆ ಕಡೆಯ ರೈತರೊಬ್ಬರು ಜೀಪಿಗೆ ಆಂಪ್ಲಿಫೈಯರ್ ಕೇಳಿಕೊಂಡು ಬಂದರು. ಸಬ್‌ವೂಫರ್ ಆಗಲೇ ಇತ್ತು. ನಾನು ಎರಡು ಡಬ್ಬ ಮುಂದಿಟ್ಟೆ. ಒಂದರ ಮೇಲೆ ಬೆಂಕಿಯ ಚಿತ್ರ, ಮೂರು ಸಾವಿರ ವ್ಯಾಟ್ ಅಂತ ದಪ್ಪಕ್ಷರ. ಇನ್ನೊಂದರ ಮೇಲೆ ಬರೀ ಮುನ್ನೂರು. ನಾನು ಮುನ್ನೂರರದ್ದೇ ತಗೊಳ್ಳಿ ಅಂದೆ. ಅದರ ಬೆಲೆಯೇ ಜಾಸ್ತಿ ಬೇರೆ.

"ಏನಪ್ಪಾ, ಮೂರು ಸಾವ್ರಕ್ಕಿಂತ ಮುನ್ನೂರು ದೊಡ್ಡದಾ? ಯಾವ ಸ್ಕೂಲಲ್ಲಿ ಓದಿದ್ದು ನೀನು?"

"ಯಜಮಾನ್ರೇ, ಕೆಸರಲ್ಲಿ ಸಿಕ್ಕ ಗಾಡೀನ ಎತ್ತು ಒಂದ್ಸಲ ಜಗ್ಗೋ ಬಲ ಬೇರೆ, ದಿನವೆಲ್ಲಾ ಹೊಲ ಉಳೋ ಬಲ ಬೇರೆ. ಆ ಮೂರು ಸಾವ್ರ ಒಂದ್ಸಲ ಜಗ್ಗೋದು. ಈ ಮುನ್ನೂರು ದಿನವೆಲ್ಲಾ ಉಳೋದು. ನಿಮ್ ಸಬ್‌ವೂಫರ್ ತಡ್ಕೊಳೋದೂ ಮುನ್ನೂರೇ."

ಅವರು ಗಡ್ಡ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದರು. ಅರ್ಥವಾಯಿತು ಅಂತ ನಾನು ಬಿಲ್ ಪುಸ್ತಕ ತೆಗೆದೆ.

"ನಮ್ಮೂರ ರಸ್ತೆ ನೋಡಿದೀಯಾ?" ಅಂದರು. "ಆ ಕೆಸರಿಂದ ಜಗ್ಗೋದನ್ನೇ ಕೊಡು."

ಗುಟ್ಟಿನ ಗುರುತು

ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಮಾಲಿನ ಕ್ವಾಲಿಟಿ ನೋಡುವವರೊಬ್ಬರು ಸಬ್‌ವೂಫರ್ ತಾವೇ ತಂದಿದ್ದರು. ಅದನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ತಕ್ಕ ಆಂಪ್ಲಿಫೈಯರ್ ಹಾಕಿ, ಡಿಕ್ಕಿಯಲ್ಲಿ ಬಿಗಿದುಕೊಟ್ಟೆ. ಎಲ್ಲಾ ಮುಗಿದ ಮೇಲೆ "ಒಂದ್ಸಲ ಬಿಚ್ಚಿ" ಅಂದರು. ಯಾಕೆ ಅಂದರೆ ಹೇಳಲೊಲ್ಲರು. ಶಪಿಸುತ್ತಾ ಸ್ಕ್ರೂ ಬಿಚ್ಚಿದೆ. ಅವರು ಮೊಬೈಲ್ ಟಾರ್ಚ್ ಹಿಡಿದು ಸಬ್‌ವೂಫರಿನ ಬೆನ್ನು ನೋಡಿದರು. ಅಲ್ಲೊಂದು ಕೆಂಪು ಚುಕ್ಕೆ. ನಾನು ಮಾಲು ಬದಲಾಯಿಸಿಬಿಟ್ಟರೆ ಗೊತ್ತಾಗಲಿ ಅಂತ ಹೆಂಡತಿಯ ನೈಲ್ ಪಾಲಿಶ್‌ನಲ್ಲಿ ಮೊದಲೇ ಗುರುತು ಮಾಡಿ ತಂದಿದ್ದರಂತೆ.

"ಇದೆಯಲ್ಲಾ ಸರ್?" ಅಂದೆ.

"ಇದೆ," ಅಂದರು. ಹುಬ್ಬಿನ ಗಂಟು ಮಾತ್ರ ಬಿಡಲಿಲ್ಲ. "ಆದ್ರೆ ನಾನು ಇಷ್ಟು ನೀಟಾಗಿ ಹಚ್ಚಿರ್ಲಿಲ್ಲ."

ಮಗ್ಗದ ಮುಂದೆ ಪರೀಕ್ಷೆ

ನಮ್ಮೂರಿನ ಪವರ್‌ಲೂಮ್ ಮಾಲೀಕರೊಬ್ಬರ ಕಾರಿಗೆ ಪೂರ್ತಿ ಸೆಟ್ ಹಾಕಿಕೊಟ್ಟಿದ್ದೆ. ಅವರ ಬೀದಿಯಲ್ಲಿ ಎಲ್ಲರಿಗೂ ಮಗ್ಗ ಇದೆ, ಈಚೆಗೆ ಎಲ್ಲರಿಗೂ ಕಾರೂ ಇದೆ. ಇವರು ಚೆನ್ನಾಗಿದೆ ಅಂದರೆ ಇಡೀ ಬೀದಿ ನನ್ನ ಅಂಗಡಿಗೆ. ಮೋಸ ಅಂದರೆ ನಾನು ಬಾಗಿಲು ಹಾಕಿಕೊಂಡು ಹೋಗಬೇಕು. ಮರುದಿನವೇ ಫೋನ್ ಬಂತು.

"ಸಣ್ಣ ಆಂಪ್ಲಿಫೈಯರ್ ಹಾಕಿ ಟೋಪಿ ಹಾಕಿದೀಯ. ಸೌಂಡೇ ಇಲ್ಲ. ಬಾ ಇಲ್ಲಿ."

ಹೆದರಿಕೊಂಡೇ ಹೋದೆ. ಕಾರನ್ನು ಮಗ್ಗದ ಶೆಡ್ಡಿನ ಬಾಗಿಲಿಗೇ ನಿಲ್ಲಿಸಿದ್ದರು. ಒಳಗೆ ಅಷ್ಟೂ ಮಗ್ಗ ಓಡುತ್ತಿವೆ. ಹುಟ್ಟಿದಾಗಿನಿಂದ ಅದನ್ನೇ ಕೇಳಿ ಬೆಳೆದವರಿಗೆ ಅದು ಸದ್ದೇ ಅಲ್ಲ. ಕಾರಿನ ಬಾಗಿಲೆಲ್ಲ ತೆರೆದು, ವಾಲ್ಯೂಮ್ ಪೂರ್ತಿ ಏರಿಸಿ, ಅಕ್ಕಪಕ್ಕದವರನ್ನು ಸಾಕ್ಷಿಗೆ ಕರೆದು ಹಾಡು ಹಾಕಿದ್ದರು. ಹಾಡು ಯಾವುದು ಅಂತ ನನಗೂ ತಿಳಿಯಲಿಲ್ಲ.

"ಅಣ್ಣಾ, ಮಗ್ಗ ನಿಲ್ಸಿ ಕೇಳಿ," ಅಂತ ಅವರ ಕಿವಿಗೆ ಬಾಯಿಟ್ಟು ಕೂಗಿದೆ.

"ನಿನ್ ಮಾಲು ಸರಿಯಿಲ್ದಿದ್ರೆ ನನ್ ಮಗ್ಗ ಯಾಕ್ಲಾ ನಿಲ್ಲಿಸ್ಲಿ?" ಅಂತ ಅವರೂ ಕೂಗಿದರು. "ಬೆಂಗಳೂರಲ್ಲಿ ದೊಡ್ಡ ಅಂಗಡಿಯೋನಿಗೆ ಎಲ್ಲಾದರ ಫೋಟೊ ಕಳ್ಸಿದೀನಿ. ಈಗ ಅವನನ್ನೇ ಕೇಳ್ತೀನಿ, ತಡಿ."

ಫೋನ್ ಮಾಡಿ ಕಿವಿಗೆ ಒತ್ತಿಕೊಂಡು "ಹಲೋ, ನಮ್ಮೋನು ಮೋಸ ಮಾಡಿದಾನೋ ಇಲ್ವೋ, ಅಷ್ಟು ಹೇಳಿ" ಅಂತ ಅರಚತೊಡಗಿದರು. ಉತ್ತರ ಕೇಳಿಸಲಿಲ್ಲ. ಆ ಫೋನು ಬ್ಲೂಟೂತ್‌ನಲ್ಲಿ ಕಾರಿಗೆ ಸೇರಿಕೊಂಡಿದೆ, ಕರೆ ಮಾಡಿದರೆ ಹಾಡು ನಿಂತು ಉತ್ತರ ಬರುವುದೂ ಕಾರಿನಲ್ಲೇ ಅನ್ನುವುದು ಅವರಿಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನಿಶ್ಶಬ್ದವಾದ ಬೀದಿಯಲ್ಲಿ, ಕಿಟಕಿಯ ಗಾಜು ನಡುಗುವಂತೆ, ಬೆಂಗಳೂರಿನವನ ದನಿ ಕಾರಿನಿಂದ ಹೊರಟಿತು.

"ಸರ್, ಕೇಳಿಸ್ತಿದ್ಯಾ? ಜೋಡಿ ಕರೆಕ್ಟಾಗಿದೆ. ನಿಮ್ಮೂರೋರು ಒಳ್ಳೇ ಆಂಪ್ಲಿಫೈಯರ್ರೇ ಹಾಕಿದಾರೆ. ನಿಜ ಹೇಳ್ಬೇಕಂದ್ರೆ, ನಾವಾಗಿದ್ರೆ ಇದೇ ದುಡ್ಡಿಗೆ ಇನ್ನೂ ಸಣ್ಣದು ಹಾಕ್ತಿದ್ವಿ."

ಒಳಗೆ ಮಲಗಿದ್ದ ಮಾಲೀಕರ ತಾಯಿ ಎದ್ದು ಹೊರಗೆ ಬಂದರು. ಪಕ್ಕದ ಮನೆಯವರು ನನ್ನ ಹೆಗಲು ತಟ್ಟಿ, "ನನ್ ಕಾರಿಗೂ ಇದೇ ಹಾಕ್ಬಿಡು ಗುರು" ಅಂದರು. ನನಗೆ ಹೋದ ಜೀವ ಬಂದಂತಾಯಿತು. ಮಾಲೀಕರು ಒಮ್ಮೆ ಕಾರನ್ನು, ಒಮ್ಮೆ ಫೋನನ್ನು, ಕೊನೆಗೆ ನನ್ನನ್ನು ನೋಡಿದರು. ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು.

"ಬೆಂಗಳೂರೋನು ನಿನ್ ಕಡೆಯೋನು ಅಂತ ಗೊತ್ತಾಯ್ತು, ಬಿಡು," ಅಂದರು ಮೆಲ್ಲಗೆ. "ಕರೆಂಟ್ ಆಫೀಸಲ್ಲಿರೋ ನಿನ್ನೋನು ಯಾರು, ಅದನ್ನ ಹೇಳು."